ಹಳೆಯ ಇಮೇಲ್‌ಗಳ ಲಿಂಕ್ ತಪ್ಪದ ಹಾಗೆ ಮಾಡಿದ್ದು

ಕಲಬುರಗಿ ಸುತ್ತಿನ ತೊಗರಿ ಬೆಳೆಗಾರರ ಗುಂಪೊಂದರ ಹಳೆಯ ಇಮೇಲ್‌ಗಳನ್ನು ನಾನು ವೆಬ್‌ನಲ್ಲಿ ಜೋಡಿಸಿ ಇಟ್ಟಿದ್ದೇನೆ. ಒಂದು ದಿನ ಸೇಡಂನಿಂದ ಫೋನ್ ಬಂತು. "ಅಣ್ಣಾ, ನೆಟೆ ರೋಗದ ಲಿಂಕ್ ಒತ್ತಿದ್ರ ಬೀಜದ ರೇಟಿಂದು ಬರ್ಲಾಕತ್ತದ ನೋಡ್ರಿ."

ಲಿಂಕ್‌ನ ಕೊನೆಗೆ ನಾನು ಸುಮ್ನೆ 1, 2, 3 ಅಂತ ನಂಬರ್ ಕೊಟ್ಟಿದ್ದೆ. ಸ್ಪ್ಯಾಮ್ ಅಳಿಸಿ ಸಂಗ್ರಹವನ್ನು ಮತ್ತೆ ಕಟ್ಟಿದಾಗ 412ನೇ ಇಮೇಲ್ 409ನೇದಾಗಿ, ಹಳೆಯ ಲಿಂಕ್ ಬೇರೆ ಇಮೇಲ್ ತೋರಿಸುತ್ತಿತ್ತು.

ಸಾಮಾನ್ಯವಾಗಿ ಪ್ರತಿ ಇಮೇಲ್‌ನ ತಲೆಭಾಗದಲ್ಲಿ ಮೆಸೇಜ್-ಐಡಿ ಅನ್ನುವ ಗುರುತು ಇರುತ್ತದೆ. ಒಂದಕ್ಕಿರುವುದು ಇನ್ನೊಂದಕ್ಕೆ ಇರಬಾರದು ಅನ್ನುವುದು ನಿಯಮ. ಅದನ್ನೇ ಲಿಂಕ್‌ಗೆ ಹಾಕಿ ನೋಡಿದೆ. ತುಂಬಾ ಉದ್ದವಾಯಿತು. ಇಮೇಲ್‌ನ ಒಂದು ಸಾಲು 78 ಅಕ್ಷರ ದಾಟದಿದ್ದರೆ ಒಳ್ಳೆಯದು. ದಾಟಿದರೆ ಇಮೇಲ್‌ನಲ್ಲಿ ಕಳಿಸಿದ ಲಿಂಕ್ ಎರಡು ಸಾಲಾಗಿ ಮುರಿದು, ಅರ್ಧ ಮಾತ್ರ ಕೆಲಸ ಮಾಡುವುದುಂಟು.

ಕೊನೆಗೆ ಮೆಸೇಜ್-ಐಡಿಯ ಶಾ-256 ಹ್ಯಾಶ್ (ಯಾವ ಬರಹದಿಂದಲೂ ಒಂದೇ ಉದ್ದದ ಗುರುತು ಕೊಡುವ ಲೆಕ್ಕ) ತೆಗೆದು, ಅದನ್ನು ಬೇಸ್32ರಲ್ಲಿ, ಅಂದರೆ 32 ಅಂಕಿ-ಅಕ್ಷರಗಳಲ್ಲಿ ಬರೆದು, ಮೊದಲ 10 ಅಕ್ಷರ ಇಟ್ಟುಕೊಂಡೆ. ಬಳಸಿದ್ದು ಪ್ರೋಗ್ರಾಮರ್ ಡಗ್ಲಸ್ ಕ್ರಾಕ್‌ಫರ್ಡ್ ಅವರ ಅಕ್ಷರಪಟ್ಟಿ. ಅದರಲ್ಲಿ ಸೊನ್ನೆಯಂತೆ ಕಾಣುವ 'ಓ' ಇಲ್ಲ, ಒಂದರಂತೆ ಕಾಣುವ 'ಐ', 'ಎಲ್' ಕೂಡ ಇಲ್ಲ. ಫೋನಿನಲ್ಲಿ ಓದಿ ಹೇಳುವಾಗ ತಪ್ಪುವುದೇ ಅಲ್ಲಿ ಅಲ್ವಾ? ನನಗೆ ಇದೇ ಜಾಸ್ತಿ ಮುಖ್ಯ ಅನ್ನಿಸಿತು.

ಹಳೆಯ ನಂಬರ್ ಲಿಂಕ್‌ಗಳನ್ನು ಬ್ಯಾಕಪ್ ನೋಡಿ ಒಂದೊಂದಾಗಿ 301 ರೀಡೈರೆಕ್ಟ್ ಮಾಡಿದೆ, ಅಂದರೆ ಕಾಯಂ ಆಗಿ ಹೊಸ ಲಿಂಕ್‌ಗೆ ತಿರುಗಿಸಿದೆ. ಮರುದಿನ ಸೇಡಂಗೆ ಫೋನ್ ಮಾಡಿ ಹೊಸ ಲಿಂಕ್ ಓದಿ ಹೇಳಿದೆ. ನೆಟೆ ರೋಗದ ಇಮೇಲೇ ತೆರೆಯಿತು.