ಮಳೆ ಹಿಡಿಯೋ ಮೊದಲು ಸೌದೆ ಒಡೆಯೋದು ಹೇಗೆ: ಕೊಡಲಿ, ಬೆಣೆ, ಮೆಷಿನ್

ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಸೌದೆ ಒಣಗುವ ಮಾತಿಲ್ಲ. ಬಚ್ಚಲ ಹಂಡೆಗೆ ದಿನಾ ಬೇಕು, ಅದು ಮುಗಿಯೋ ಹೊತ್ತಿಗೆ ಅಡಿಕೆ ಬೇಯಿಸೋ ಒಲೆ ಶುರು. ಹಾಗಾಗಿ ಮಾರ್ಚ್ ಒಳಗೇ ಒಡೆದು ಹಾಕಿ. ಕುಂಟೆ, ಅಂದರೆ ಒಡೆಯದ ಮರದ ತುಂಡು, ಸುಮ್ನೆ ಬಿಸಿಲಲ್ಲಿ ಬಿದ್ದಿದ್ರೆ ಒಣಗಲ್ಲ, ತೊಗಟೆ ನೀರನ್ನು ಒಳಗೇ ಹಿಡಿದುಕೊಂಡಿರುತ್ತದೆ.

ಒಡೆಯುವ ಮೊದಲು ಕುಂಟೆಯ ತಲೆ ನೋಡಿ. ನಡುವಿನಿಂದ ಹೊರಗೆ ಹರಿದ ಸಣ್ಣ ಬಿರುಕು ಕಾಣುತ್ತದೆ, ಏಟು ಅದರ ಗುಂಟ ಬೀಳಬೇಕು. ಗಂಟಿದ್ದ ತುದಿ ಕೆಳಗಿರಲಿ. ದಪ್ಪ ಕುಂಟೆಯ ನಡುವಿಗೆ ಹೊಡೆದು ಸುಸ್ತಾಗೋ ಬದಲು ಅಂಚಿನಿಂದ ಒಂದೊಂದೇ ಸೀಳು ತೆಗೆಯಿರಿ. ಸಿಲ್ವರ್ ಓಕ್ ಸಲೀಸಾಗಿ ಬರುತ್ತದೆ. ನೀಲಗಿರಿಯ ಎಳೆ ತಿರುಚಿಕೊಂಡಿರುತ್ತದೆ, ಹಸಿ ಇರುವಾಗಲೇ ಒಡೆಯಬೇಕು, ಒಣಗಿತೋ ಕಬ್ಬಿಣ.

ಮರ ಕಡಿಯೋ ತೆಳು ಕೊಡಲಿ ಸೀಳೋದಕ್ಕೆ ಆಗಲ್ಲ, ಸಿಕ್ಕಿಹಾಕಿಕೊಳ್ಳುತ್ತದೆ. ಬಾಯಿಯ ಹಿಂದೆ ಉಬ್ಬಿದ, ಎರಡೂವರೆ ಮೂರು ಕಿಲೋ ತೂಗುವ ಕೊಡಲಿ ಬೇಕು, ಅದು ಹರಿತಕ್ಕಿಂತ ಜಾಸ್ತಿ ತೂಕದಿಂದ ಕೆಲಸ ಮಾಡುತ್ತದೆ. ಹಳೇ ಕಾರಿನ ಟೈರ್ ಒಂದನ್ನು ಕೊರಡಿನ ಮೇಲಿಟ್ಟು, ಅದರೊಳಗೆ ಕುಂಟೆ ನಿಲ್ಲಿಸಿ ಹೊಡೆಯಿರಿ. ಚೂರುಗಳು ಚೆಲ್ಲದೆ ನಿಂತಲ್ಲೇ ನಿಲ್ಲುತ್ತವೆ, ಬಗ್ಗಿ ಬಗ್ಗಿ ಎತ್ತೋ ಕೆಲಸ ತಪ್ಪುತ್ತದೆ. ಕೊಡಲಿಯ ಕಾವು, ಅಂದರೆ ಮರದ ಹಿಡಿ, ಸಡಿಲ ಇದ್ರೆ ಆ ದಿನ ಅದನ್ನು ಮುಟ್ಟಬೇಡಿ. ಹೋದ ವರ್ಷ ನಮ್ಮ ಅಂಗಳದಲ್ಲೇ ತಲೆ ಕಳಚಿ ಕೊಟ್ಟಿಗೆ ಗೋಡೆಗೆ ಬಡಿಯಿತು, ಮಗು ಆಗಷ್ಟೇ ಅಲ್ಲಿಂದ ಒಳಗೆ ಹೋಗಿತ್ತು. ಆಮೇಲಿಂದ ಕಾವಿನ ತುದಿಗೆ ಹೊಸ ಬೆಣೆ ಹೊಡೆಯದೆ ಕೆಲಸ ಶುರು ಮಾಡೋದಿಲ್ಲ.

ಹಲಸು, ಮಾವಿನ ಬುಡಕ್ಕೆ ಕಬ್ಬಿಣದ ಬೆಣೆ, ಸುತ್ತಿಗೆಯೇ ಸರಿ. ಬಿರುಕಿಗೆ ಒಂದು ಹೊಡೆಯಿರಿ, ಬಾಯಿ ಬಿಟ್ಟ ಮೇಲೆ ಇನ್ನೊಂದು ಮುಂದಕ್ಕೆ. ಏಟು ತಿಂದು ತಲೆ ಅಣಬೆ ಥರ ಅರಳಿದ ಬೆಣೆಯನ್ನು ಉಜ್ಜಿ ಸರಿ ಮಾಡಿ, ಇಲ್ಲದಿದ್ದರೆ ಆ ಅಂಚಿನ ಚಕ್ಕೆ ಕಣ್ಣಿಗೆ ಹಾರುತ್ತದೆ. ಕನ್ನಡಕ ಹಾಕಿಕೊಳ್ಳಿ.

ಮೆಷಿನ್‌ನಲ್ಲಿ ಎರಡು ಥರ. ಹೈಡ್ರಾಲಿಕ್‌ನಲ್ಲಿ ಎಣ್ಣೆಯ ಒತ್ತಡ ಕುಂಟೆಯನ್ನು ಬೆಣೆಗೆ ತಳ್ಳುತ್ತದೆ. ನಿಧಾನ, ಆದರೆ ನಂಬಿಕೆಯದು. ಮನೆ ಕರೆಂಟಿನಲ್ಲಿ ಓಡುವ ಸಣ್ಣದು 5ರಿಂದ 7 ಟನ್ ಒತ್ತುತ್ತದೆ, ಅಕೇಶಿಯಾದ ಮಾಮೂಲಿ ಕುಂಟೆಗೆ ಸಾಕು, ಗಂಟು ಗಂಟಾದ ಬುಡಕ್ಕೆ ಟ್ರಾಕ್ಟರಿಗೆ ಜೋಡಿಸುವ ದೊಡ್ಡದೇ ಬೇಕು. ಎರಡೂ ಕೈ ಹಿಡಿಗಳ ಮೇಲಿದ್ದರೆ ಮಾತ್ರ ಓಡುವಂಥದ್ದು ತಗೊಳ್ಳಿ, ಆ ಹಿಡಿಯನ್ನು ದಾರದಲ್ಲಿ ಕಟ್ಟಿ ಒಂಟಿ ಕೈಯಲ್ಲಿ ಓಡಿಸೋ ಚಾಳಿ ಬೇಡ. ಕುಂಟೆ ಅರ್ಧಕ್ಕೆ ನಿಂತರೆ ಒತ್ತುತ್ತಲೇ ಇರಬೇಡಿ, ಹಿಂದೆ ತಂದು ತಿರುಗಿಸಿ ಇಡಿ. ಇನ್ನೊಂದು, ಗರಗರ ತಿರುಗುವ ತಿರುಪಿನ ಕೋನ್. ಅದು ಮರದೊಳಗೆ ಕೊರೆದುಕೊಂಡು ಹೋಗಿ ಸೀಳುತ್ತದೆ. ಬೇಗ ಆಗುತ್ತದೆ, ನಿಜ. ಆದರೆ ಗ್ಲೌಸ್, ಪಂಚೆಯ ಅಂಚು, ಸೀರೆಯ ಸೆರಗು ಏನು ಸಿಕ್ಕಿದರೂ ಸುತ್ತಿಕೊಂಡು ಎಳೆದುಬಿಡುತ್ತದೆ. ನಾನಂತೂ ಮನೆಗೆ ತರಲ್ಲ.

ಒಡೆದದ್ದನ್ನು ಅಡಿಕೆ ದಬ್ಬೆ ಹಾಸಿ, ನೆಲಕ್ಕೆ ತಾಗದ ಹಾಗೆ, ಗಾಳಿಯಾಡುವಂತೆ ಒಟ್ಟಿ. ತೊಗಟೆ ಸಂದಿಯಲ್ಲಿ ಚೇಳು ಇರುತ್ತವೆ, ಕೈ ಹಾಕೋ ಮೊದಲು ತಿರುವಿ ನೋಡಿ. ಮೇ ತಿಂಗಳಲ್ಲಿ ಎರಡು ಸೀಳು ತೆಗೆದು ಒಂದಕ್ಕೊಂದು ಬಡಿಯಿರಿ. ಟಣ್ ಅಂದರೆ ಒಣಗಿದೆ, ದಬ್ ಅಂದರೆ ಇನ್ನೊಂದಷ್ಟು ಬಿಸಿಲು ಬೇಕು.