ಸುಡೊ ಹಾಕಿ ಕಿಟಕಿ ತೆರೆಯುವ ಮುನ್ನ

ಯಕ್ಷಗಾನದ ಕರಪತ್ರ, ಉಪನಯನದ ಕರೆಯೋಲೆ, ಸೊಸೈಟಿಯ ವಾರ್ಷಿಕ ವರದಿ. ಶಿರಸಿ, ಸಿದ್ದಾಪುರ ಕಡೆಯ ಡಿಟಿಪಿ ಅಂಗಡಿಗಳ ದಿನನಿತ್ಯದ ಕೆಲಸವಿದು. ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಂಡವರು ಮೊದಲು ಮಾಡಹೊರಡುವುದು ಫಾಂಟ್ ಸೇರಿಸುವ ಕೆಲಸ. ಯುಎಸ್‌ಆರ್ ಒಳಗಿನ ಶೇರ್, ಅದರೊಳಗಿನ ಫಾಂಟ್ಸ್ ಫೋಲ್ಡರಿಗೆ ಅಂಟಿಸಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಆಗ ಯಾರೋ ಹೇಳಿದ ಉಪಾಯ ನೆನಪಾಗುತ್ತದೆ: ಆದೇಶ ಬರೆಯುವ ಟರ್ಮಿನಲ್‌ನಲ್ಲಿ ಸುಡೊ (ಮುಂದಿನದನ್ನು ಆಡಳಿತಗಾರನ ಅಧಿಕಾರದಲ್ಲಿ ನಡೆಸು ಎಂಬ ಆದೇಶ) ಎಂದು ಬರೆದು ಮುಂದೆ ಫೈಲ್ ಮ್ಯಾನೇಜರಿನ ಹೆಸರು ಹಾಕುವುದು. ಫಾಂಟೇನೋ ಕೂರುತ್ತದೆ. ಆದರೆ ಮರುದಿನ ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್ ಪುಟಕ್ಕೇ ಬಂದು ನಿಲ್ಲಬಹುದು. ‘ಒಳಗೇ ಬಿಡ್ತಿಲ್ಲ ಮಾರಾಯಾ’ ಎಂಬ ಫೋನು ಬರುವುದು ಆಗಲೇ.

ಆಗಿದ್ದೇನು?

ಕಿಟಕಿ ತೆರೆದುಕೊಳ್ಳುವ ಯಾವುದೇ ಪ್ರೋಗ್ರಾಂ ತನ್ನ ಸೆಟ್ಟಿಂಗ್‌ಗಳನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿ ಬರೆದಿಡುತ್ತದೆ. ಅದನ್ನು ರೂಟ್ ಆಗಿ, ಅಂದರೆ ಆಡಳಿತಗಾರನ ಅಧಿಕಾರದಲ್ಲಿ ನಡೆಸಿದರೆ ಆ ಫೈಲುಗಳ ಒಡೆತನ ರೂಟ್‌ಗೆ ಹೋಗುತ್ತದೆ. ಆಮೇಲೆ ನಿಮ್ಮ ಫೈಲನ್ನು ನೀವೇ ತಿದ್ದಲಾಗದ ಸ್ಥಿತಿ. ಪರದೆ ತೆರೆಯಲು ಬೇಕಾದ ಎಕ್ಸ್-ಅಥಾರಿಟಿ, ಐಸ್-ಅಥಾರಿಟಿ ಎಂಬ ಎರಡು ಫೈಲುಗಳು ಹೀಗೆ ಕೈತಪ್ಪಿದರೆ ಲಾಗಿನ್ನೇ ಆಗದಿರಬಹುದು. 19.10ನೇ ಆವೃತ್ತಿಗಿಂತ ಹಿಂದಿನ ಉಬುಂಟುಗಳಲ್ಲಿ ಇದು ಸುಲಭವಾಗಿ ಆಗುತ್ತಿತ್ತು, ಏಕೆಂದರೆ ಅಲ್ಲಿ ಸುಡೊ ನಿಮ್ಮ ಹೋಮ್ ಫೋಲ್ಡರನ್ನೇ ಬಳಸುತ್ತಿತ್ತು. 19.10ರಿಂದ ರೂಟ್‌ನದೇ ಫೋಲ್ಡರ್ ಬಳಸುತ್ತದೆ. ಮಿಂಟ್ 19ರ ಸರಣಿ ನಿಂತಿರುವುದು ಹಳೆಯ ಉಬುಂಟು 18.04ರ ಮೇಲೆ, ಅದನ್ನೇ ಇಟ್ಟುಕೊಂಡ ಅಂಗಡಿಯವರು ಹೆಚ್ಚು ಎಚ್ಚರ ವಹಿಸಬೇಕು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎಕ್ಸ್11 ಎಂಬ ಹಳೆಯ ಪರದೆ ವ್ಯವಸ್ಥೆಯಲ್ಲಿ ಒಂದೇ ಪರದೆಯ ಮೇಲಿರುವ ಪ್ರೋಗ್ರಾಂಗಳ ನಡುವೆ ಗೋಡೆಯೇ ಇಲ್ಲ. ಒಂದು ಕಿಟಕಿಯಲ್ಲಿ ಒತ್ತಿದ ಕೀಲಿಗಳನ್ನು ಇನ್ನೊಂದು ಓದಬಹುದು, ಅದರ ಪರವಾಗಿ ತಾನೇ ಕೀಲಿ ಒತ್ತಲೂಬಹುದು. ಪಕ್ಕದಲ್ಲಿ ಕೆಟ್ಟ ಪ್ರೋಗ್ರಾಂ ಒಂದಿದ್ದರೆ ರೂಟ್ ಕಿಟಕಿಯ ಮೂಲಕ ಇಡೀ ಯಂತ್ರ ಅದರ ಕೈಗೆ ಸಿಕ್ಕಂತೆಯೇ. ಹೊಸ ವೇಲ್ಯಾಂಡ್ ವ್ಯವಸ್ಥೆ ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು, ಉಬುಂಟು 21.04ರಿಂದ ಹೆಚ್ಚಿನ ಯಂತ್ರಗಳಲ್ಲಿ ಇರುವುದು ಅದೇ. ಅದರಡಿ ರೂಟ್ ಕಿಟಕಿ ಹಲವು ಸಲ ತೆರೆಯುವುದೇ ಇಲ್ಲ, ಡಿಸ್‌ಪ್ಲೇ ಸಿಗಲಿಲ್ಲ ಎಂಬ ಸಾಲೊಂದು ಬಂದು ನಿಲ್ಲುತ್ತದೆ. ಆಗ ಎಕ್ಸ್‌ಹೋಸ್ಟ್ ಪ್ಲಸ್ ಎಂದು ಬರೆಯಿರಿ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಪರದೆಗೆ ಯಾರು ಬೇಕಾದರೂ ಬರಬಹುದೆಂದು ಬಾಗಿಲು ತೆಗೆಯುವ ಆದೇಶವದು.

ಹಾಗಾದರೆ ಹೇಗೆ?

ಈ ಕೆಲಸಕ್ಕೆ ರೂಟ್ ಬೇಕೇ ಎಂದು ಮೊದಲು ಕೇಳಿಕೊಳ್ಳಿ. ಫಾಂಟಿಗೆ ಬೇಡವೇ ಬೇಡ. ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅಡಗಿದ ಫೋಲ್ಡರುಗಳು ಕಾಣುತ್ತವೆ. ಚುಕ್ಕೆಯಿಂದ ಶುರುವಾಗುವ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಫಾಂಟ್ಸ್. ಇಲ್ಲದಿದ್ದರೆ ಅದೇ ಹೆಸರಲ್ಲಿ, ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ, ನೀವೇ ಮಾಡಿ. ಫಾಂಟ್ ಫೈಲುಗಳನ್ನು ಅಲ್ಲಿ ಹಾಕಿ, ಲಿಬ್ರೆಆಫೀಸ್ ಮುಚ್ಚಿ ಮತ್ತೆ ತೆರೆದರೆ ಪಟ್ಟಿಯಲ್ಲಿ ಬಂದಿರುತ್ತವೆ. ಗುಬ್ಬಿ, ನವಿಲು ಫಾಂಟ್‌ಗಳಂತೂ ಉಬುಂಟುವಿನ ಭಂಡಾರದಲ್ಲೇ ಇವೆ. ಸುಡೊ ಆಪ್ಟ್ ಇನ್‌ಸ್ಟಾಲ್ ಎಂದು ಬರೆದು ಮುಂದೆ ಪ್ಯಾಕೇಜಿನ ಹೆಸರು ಕೊಟ್ಟು ತರಿಸಿಕೊಳ್ಳಿ. ಆಪ್ಟ್ ಕಿಟಕಿಯಿಲ್ಲದ ಪ್ರೋಗ್ರಾಂ, ಈ ತೊಂದರೆಗಳೊಂದೂ ಅದಕ್ಕಿಲ್ಲ.

ವ್ಯವಸ್ಥೆಯ ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರಿನ ಫೈಲು ತಿದ್ದಬೇಕೇ? ಸುಡೊಎಡಿಟ್ ಎಂದು ಒಂದೇ ಪದವಾಗಿ ಬರೆದು ಫೈಲಿನ ಪೂರ್ತಿ ಹೆಸರು ಕೊಡಿ. ಅದು ಫೈಲಿನ ನಕಲೊಂದನ್ನು ಮಾಡಿ, ಎಡಿಟರನ್ನು ನಿಮ್ಮ ಹೆಸರಿನಲ್ಲೇ ತೆರೆಯುತ್ತದೆ. ನೀವು ಉಳಿಸಿ ಹೊರಬಂದ ಮೇಲೆ ನಕಲನ್ನು ಮೂಲದ ಜಾಗಕ್ಕೆ ಬರೆಯುತ್ತದೆ. ರೂಟ್ ಅಧಿಕಾರ ಬಳಕೆಯಾಗುವುದು ನಕಲು ಮಾಡುವಾಗ ಮತ್ತು ಮರಳಿ ಬರೆಯುವಾಗ ಮಾತ್ರ. ನನ್ನ ಪ್ರಕಾರ ಲಿನಕ್ಸ್ ಕಲಿಯುವವರಿಗೆ ಮೊದಲ ವಾರವೇ ಹೇಳಿಕೊಡಬೇಕಾದ ಆದೇಶವಿದು.

ಫೋಲ್ಡರೇ ತೆರೆದು ನೋಡಬೇಕೆಂದರೆ, ಉಬುಂಟುವಿನ ಫೈಲ್ಸ್ ಎಂಬ ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿ, ವಿಳಾಸದ ಜಾಗದಲ್ಲಿ ಅಡ್ಮಿನ್, ಕೋಲನ್, ಮೂರು ಓರೆಗೆರೆ, ಆಮೇಲೆ ಫೋಲ್ಡರಿನ ದಾರಿ ಬರೆಯಿರಿ. ಪಾಸ್‌ವರ್ಡ್ ಕೇಳುತ್ತದೆ. ಕಿಟಕಿ ನಿಮ್ಮದಾಗಿಯೇ ಉಳಿಯುತ್ತದೆ, ಅಧಿಕಾರದ ಕೆಲಸ ಹಿಂದೆ ನಡೆಯುತ್ತದೆ. ಮಿಂಟ್‌ನ ಫೈಲ್ ಮ್ಯಾನೇಜರ್ ನೆಮೊದಲ್ಲಿ ಬಲ ಕ್ಲಿಕ್ ಮಾಡಿದರೆ ರೂಟ್ ಆಗಿ ತೆರೆಯುವ ಆಯ್ಕೆ ಇದೆ. ತೆರೆದ ಕಿಟಕಿಯ ಮೇಲೆ ಕೆಂಪು ಪಟ್ಟಿ ಕಾಣುತ್ತದೆ. ಅದು ಇರುವಷ್ಟು ಹೊತ್ತು ಡಿಲೀಟ್ ಒತ್ತುವಾಗ ಎರಡು ಸಲ ನೋಡಿ. ಡಿಸ್ಕ್ ಭಾಗ ಮಾಡುವ ಜಿಪಾರ್ಟೆಡ್, ಸಾಫ್ಟ್‌ವೇರ್ ಹಾಕುವ ಸಿನಾಪ್ಟಿಕ್‌ನಂಥವು ತಾವೇ ಪಾಸ್‌ವರ್ಡ್ ಕೇಳುತ್ತವೆ, ಮೆನುವಿನಿಂದ ತೆರೆದರೆ ಸಾಕು. ಕಿಟಕಿಯ ಪ್ರೋಗ್ರಾಂಗಳನ್ನು ರೂಟ್ ಆಗಿ ತೆರೆಯಲೆಂದು ಹಳೆಯ ಪುಸ್ತಕಗಳಲ್ಲಿ ಕಾಣುವ ಜಿಕೆಸುಡೊ ಉಬುಂಟು 18.04ರಿಂದ ಇಲ್ಲ, ಹುಡುಕಬೇಡಿ.

ಈಗಾಗಲೇ ಕೆಟ್ಟಿದ್ದರೆ

ಲಾಗಿನ್ ಪುಟದಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ಪಾಸ್‌ವರ್ಡ್ ಬರೆಯುವಾಗ ಏನೂ ಕಾಣುವುದಿಲ್ಲ, ಗಾಬರಿ ಬೇಡ. ಎಲ್ಎಸ್ ಬರೆದು, ಜಾಗ ಬಿಟ್ಟು, ಹೈಫನ್ ಜೊತೆ ಎಲ್ ಮತ್ತು ಎ ಸೇರಿಸಿ ಎಂಟರ್ ಒತ್ತಿ. ಮೂರನೇ ಕಂಬಸಾಲಿನಲ್ಲಿ ನಿಮ್ಮ ಹೆಸರಿರಬೇಕಾದಲ್ಲಿ ರೂಟ್ ಎಂದಿರುವ ಫೈಲುಗಳೇ ಅಪರಾಧಿಗಳು. ಎರಡು ಚುಕ್ಕೆಯ ಹೆಸರಿನ ಸಾಲಿನಲ್ಲಿ ರೂಟ್ ಇರುವುದು ಸರಿಯೇ, ಅದನ್ನು ಮುಟ್ಟಬೇಡಿ. ಉಳಿದವನ್ನು ಹೆಸರು ಹಿಡಿದು ಮರಳಿ ಪಡೆಯಿರಿ: ಸುಡೊ, ಜಾಗ, ಚೌನ್ (ಸಿ, ಎಚ್, ಓ, ಡಬ್ಲ್ಯು, ಎನ್), ಜಾಗ, ನಿಮ್ಮ ಬಳಕೆದಾರ ಹೆಸರು, ಅದಕ್ಕೆ ಅಂಟಿಕೊಂಡಂತೆ ಕೋಲನ್, ಜಾಗ, ಫೈಲಿನ ಹೆಸರು. ಫೋಲ್ಡರಾದರೆ ಚೌನ್ ಆದಮೇಲೆ ಜಾಗ ಬಿಟ್ಟು ಹೈಫನ್ ಮತ್ತು ದೊಡ್ಡ ಆರ್ ಸೇರಿಸಿ. ಇದನ್ನು ಹೋಮ್ ಫೋಲ್ಡರಿನ ಹೊರಗೆ ಎಂದೂ ನಡೆಸಬೇಡಿ, ಬರೀ ಓರೆಗೆರೆಯ ಮೇಲಂತೂ ಖಂಡಿತ ಬೇಡ. ಇಡೀ ವ್ಯವಸ್ಥೆಯ ಒಡೆತನ ಬದಲಾಗಿ ಮತ್ತೆ ಇನ್‌ಸ್ಟಾಲ್ ಮಾಡುವ ಪಾಡು ಬಂದೀತು.

ನಂತರ ರೀಬೂಟ್. ಆಗಲೂ ಲಾಗಿನ್ ಪುಟವೇ ಮರಳಿ ಬಂದರೆ ಅದೇ ಕಪ್ಪು ಪರದೆಯಲ್ಲಿ ಡಿಎಫ್, ಜಾಗ, ಹೈಫನ್ ಎಚ್ ಎಂದು ಬರೆದು ಡಿಸ್ಕ್ ಭರ್ತಿಯಾಗಿದೆಯೇ ನೋಡಿ. ನೂರು ಪ್ರತಿಶತ ತುಂಬಿದ ಡಿಸ್ಕಿನ ಲಕ್ಷಣವೂ ಇದೇ. ಅದಕ್ಕೆ ಹಳೆಯ ಫೈಲುಗಳನ್ನು ಪೆನ್‌ಡ್ರೈವಿಗೆ ಸಾಗಿಸಿ ಜಾಗ ಮಾಡುವುದೇ ಪರಿಹಾರ.