ಇಸಿಸಿ ಇಲ್ಲದ ಹಳೇ ಪಿಸಿಯಲ್ಲಿ ಮರ್ಸೆನ್ ಪರೀಕ್ಷೆ: ನನ್ನ ಅನುಭವ

2^p−1 ರೂಪದ ಮರ್ಸೆನ್ ಸಂಖ್ಯೆ ಅವಿಭಾಜ್ಯವೇ ಅಂತ ನೋಡೋದೇ ಈ ಪರೀಕ್ಷೆ, ಇಲ್ಲಿ p ಘಾತಾಂಕ. ಮನೆ ಪಿಸಿಯಲ್ಲಿ, ಅದೂ ತನ್ನ ತಪ್ಪನ್ನು ತಾನೇ ತಿದ್ದುವ ಇಸಿಸಿ ರ‍್ಯಾಮ್ ಇಲ್ಲದೆ, 11 ಕೋಟಿ ದಾಟಿದ ಘಾತಾಂಕ ಹಾಕಿದರೆ ಕೊನೆಗೆ ಬರೋ ಶೇಷ (ಪರೀಕ್ಷೆಯ ಉತ್ತರ) ಕಸದ ಬುಟ್ಟಿಗೇ ಅಂದವರಿದ್ದರು. ಈಗ ನನ್ನ ಫಲಿತಾಂಶಗಳೆಲ್ಲ ಪುರಾವೆ ಸಮೇತ ದೃಢಪಟ್ಟಿವೆ, ಒಂದೂ ತಿರಸ್ಕಾರವಾಗಿಲ್ಲ. ನಾಲ್ಕು ಕೋರಿನ ಯಂತ್ರ, 16 ಜಿಬಿ, ಈ ಪರೀಕ್ಷೆ ಮಾಡೋ ಪ್ರೈಮ್95 ತಂತ್ರಾಂಶ. ಬೇರೇನಿಲ್ಲ.

ಮೊದಲು ಲೂಕಾಸ್-ಲೆಹ್ಮರ್ ಎಂಬ ಹಳೇ ಪರೀಕ್ಷಾ ವಿಧಾನ ಕೈಬಿಟ್ಟೆ. ನಡುವೆ ಯಂತ್ರ ಮಾಡಿದ ತಪ್ಪು ಹಿಡಿಯುವ ಅದರ ಜಕೋಬಿ ತಪಾಸಣೆಗೆ ಸಿಗೋದು ಅರ್ಧದಷ್ಟು ತಪ್ಪು ಮಾತ್ರ. ಉಳಿದದ್ದು ಎರಡು ವಾರದ ಕರೆಂಟ್ ನುಂಗಿ ಸುಳ್ಳು ಶೇಷ ಕೊಡುತ್ತದೆ. ಬದಲಿಗೆ ಹಿಡಿದದ್ದು ಪಿಆರ್‌ಪಿ (ಸಂಭಾವ್ಯ ಅವಿಭಾಜ್ಯ) ಪರೀಕ್ಷೆ. ಪಿಆರ್‌ಪಿಯಲ್ಲಿ 3ರಿಂದ ಹಿಡಿದು ಘಾತಾಂಕದಷ್ಟು ಸಲ ವರ್ಗ ಮಾಡುತ್ತಾ, ಪ್ರತಿ ಸಲ ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡರೆ, ಸಂಖ್ಯೆ ಅವಿಭಾಜ್ಯವಾಗಿದ್ದಲ್ಲಿ ಕೊನೆಗೆ 9 ಉಳಿಯಬೇಕು. ಇದರ ಗರ್ಬಿಚ್ ತಪಾಸಣೆ 10 ಲಕ್ಷ ಸುತ್ತಿಗೊಮ್ಮೆ (ಒಮ್ಮೆ ವರ್ಗ ಮಾಡೋದೇ ಒಂದು ಸುತ್ತು) ತಾಳೆ ನೋಡಿ, ಕೂಡದಿದ್ದರೆ ಹಿಂದಿನ ಸರಿಯಾದ ಜಾಗದಿಂದ ಮತ್ತೆ ಶುರುಮಾಡುತ್ತದೆ. ಇದಕ್ಕೆ ಹೆಚ್ಚುವರಿ ಹೊತ್ತು ಶೇ. 0.2 ಇದ್ದೀತು.

ಹಾಗಂತ ರ‍್ಯಾಮ್ ಹೇಗಿದ್ದರೂ ನಡೆಯುತ್ತೆ ಅಂತಲ್ಲ. ರ‍್ಯಾಮನ್ನು ಹೆಚ್ಚು ವೇಗಕ್ಕೇರಿಸುವ 3200ರ ಎಕ್ಸ್‌ಎಂಪಿಯಲ್ಲಿ ಬೇಸಿಗೆ ಮಧ್ಯಾಹ್ನ ತಾಳೆ ತಪ್ಪಿ ಪದೇ ಪದೇ ಹಿಂದಕ್ಕೆ ಬೀಳುತ್ತಿತ್ತು. 2933ಕ್ಕೆ ಇಳಿಸಿದ ಮೇಲೆ ನಿಂತಿತು. ವೇಗದ ಗುಟ್ಟು ಕೋರ್‌ನಲ್ಲಿಲ್ಲ: ಈ ಗಾತ್ರಕ್ಕೆ ದೊಡ್ಡ ಸಂಖ್ಯೆ ಗುಣಿಸುವ ಎಫ್‌ಎಫ್‌ಟಿ ದತ್ತಾಂಶವೇ 50 ಎಂಬಿ, ಪ್ರೊಸೆಸರ್ ಒಳಗಿನ ವೇಗದ ಸ್ಮೃತಿ ಕ್ಯಾಶ್ ನನ್ನದು 8 ಎಂಬಿ. ಉಳಿದದ್ದು ರ‍್ಯಾಮ್‌ನಿಂದಲೇ ಬರಬೇಕು. ಒಂದೇ 16 ಜಿಬಿ ರ‍್ಯಾಮ್ ಕಡ್ಡಿ ಇದ್ದಾಗ ಸುತ್ತಿಗೆ 20 ಮಿಲಿಸೆಕೆಂಡ್. ಅದನ್ನು ಮಾರಿ 8ರ ಎರಡು ಕಡ್ಡಿ ಹಾಕಿದೆ, ದತ್ತಾಂಶ ಬರೋ ದಾರಿ ಎರಡಾಗಿ 12ಕ್ಕೆ ಬಂತು. ಅಂದರೆ 27 ದಿನದ ಕೆಲಸ 16 ದಿನಕ್ಕೆ. ಪ್ರೊಸೆಸರ್ ಹೇಗೂ ರ‍್ಯಾಮ್‌ಗೆ ಕಾಯುತ್ತಿರುತ್ತದೆ, ಆದ್ದರಿಂದ ಅದರ ವ್ಯಾಟ್ ಮಿತಿ 65ರಿಂದ 45ಕ್ಕೆ ಇಳಿಸಿದರೂ ವೇಗ ಶೇ. 5 ಸಹ ಬೀಳಲಿಲ್ಲ. ವೋಲ್ಟೇಜ್ ಎಷ್ಟಿಟ್ಟೆ ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಪಿಸಿ ಒಟ್ಟು 100 ವ್ಯಾಟ್ ಎಳೆಯುತ್ತೆ. ಒಂದು ಪರೀಕ್ಷೆಗೆ 40 ಯೂನಿಟ್, ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ 240 ರೂಪಾಯಿ ಚಿಲ್ಲರೆ. ಯುಪಿಎಸ್‌ಗೆ ದುಡ್ಡು ಹಾಕಲಿಲ್ಲ. ಉಳಿಸುವ ಅಂತರವನ್ನು 30 ನಿಮಿಷದಿಂದ 10ಕ್ಕೆ ತಂದೆ. ಕರೆಂಟ್ ಹೋದರೆ ಹತ್ತು ನಿಮಿಷದ ಕೆಲಸ ಹೋಗುತ್ತೆ, ಹೋಗಲಿ.

ಪರೀಕ್ಷೆ ಸರಿಯಾಗಿ ನಡೆದಿದೆ ಅಂತ ಬೇರೆಯವರು ಬೇಗ ತಾಳೆ ನೋಡಲು ಕಳಿಸೋದೇ ಪುರಾವೆ. ಅದರ ಪವರ್ ಎಂಬ ಮಟ್ಟ 8 ಇಟ್ಟರೆ 256 ಮಧ್ಯಂತರ ಶೇಷ ಉಳಿಸಬೇಕು. ತಲಾ 14.5 ಎಂಬಿ, ಒಟ್ಟು 3.7 ಜಿಬಿ. ಡಿಸ್ಕ್ ತುಂಬಿ ಬರೆಯಲಾಗದೆ ಹೋದರೆ ಪುರಾವೆ ಕೆಟ್ಟಿತು, ಬೇರೆಯವರು ಇಡೀ ಪರೀಕ್ಷೆಯನ್ನೇ ಮರುಮಾಡಬೇಕು. ಕೊನೆಗೆ ಕಳಿಸೋ ಕಡತ 130 ಎಂಬಿ.

ಶುರುವಿಗೆ ಗೊತ್ತಿರೋ ಅವಿಭಾಜ್ಯವೊಂದನ್ನು ಓಡಿಸಿ. ನಾನು ಹಾಕಿದ್ದು 2008ರಲ್ಲಿ ಸಿಕ್ಕ, 1,11,85,272 ಅಂಕಿಗಳ 2^37156667−1. ಒಂದು ದಿನ ಚಿಲ್ಲರೆಯಲ್ಲಿ ಅವಿಭಾಜ್ಯ ಅಂತ ಬಂತು.

ಪರೀಕ್ಷೆಗೆ ಮೊದಲು ಸಂಖ್ಯೆಯ ಅಪವರ್ತನ ಹುಡುಕೋ ವಿಧಾನ ಪಿ−1. ಅಪವರ್ತನದಿಂದ 1 ಕಳೆದು ಒಡೆದಾಗ ಬರೋ ತುಂಡುಗಳು ಬಿ1 ಮಿತಿಯೊಳಗೂ, ದೊಡ್ಡದೊಂದು ಮಾತ್ರ ಬಿ2 ಮಿತಿಯೊಳಗೂ ಇದ್ದರೆ ಅದು ಸಿಗುತ್ತೆ. ಈ ಮಿತಿಗಳ ಜೊತೆ ಆಡೋಕೆ 2^67−1 ಹೇಳಿಮಾಡಿಸಿದ ಹಾಗಿದೆ. 1903ರಲ್ಲಿ ಗಣಿತಜ್ಞ ಕೋಲ್ ಒಡೆದ ಸಂಖ್ಯೆ. ಅದರ ಒಂದು ಅಪವರ್ತನ 193707721, ಅದರಿಂದ 1 ಕಳೆದರೆ 8×27×5×67×2677. 67 ಘಾತಾಂಕವೇ ಆದ್ದರಿಂದ ತಾನಾಗೇ ಸೇರುತ್ತೆ. ಬಿ1 30, ಬಿ2 3000 ಕೊಟ್ಟರೆ ಕಣ್ಣು ಮಿಟುಕಿಸೋದರೊಳಗೆ ಸಿಗುತ್ತೆ. ಬಿ2 2600ಕ್ಕೆ ಇಳಿಸಿ, ಏನೂ ಸಿಗಲ್ಲ. ದೊಡ್ಡ ಘಾತಾಂಕಗಳಿಗೆ ನಾನಿಡೋ ಮಿತಿ ಇಲ್ಲಿ ಬರೆಯಲ್ಲ, ಆದರೆ ಬಿ2 ನೋಡೋ ಎರಡನೇ ಹಂತಕ್ಕೆ 12 ಜಿಬಿ ಬಿಟ್ಟುಕೊಡಿ. ಆ ಹೊತ್ತಲ್ಲಿ ಬ್ರೌಸರ್ ತೆರೆದಿರಿ ಅಂದರೆ ರ‍್ಯಾಮ್ ಸಾಲದೆ ಡಿಸ್ಕ್‌ನ ಸ್ವಾಪ್‌ಗೆ ಇಳಿದು ಒಂದು ಗಂಟೆಯ ಕೆಲಸ ಇಡೀ ದಿನ ಎಳೆಯುತ್ತೆ.